ಸೆಕೆಗಾಲದಲ್ಲಿ ಪುಟ್ಟ ನಾಯಿ ಕಟ್ಟಿಕೊಂಡು ಗುಡ್ಡ ಹತ್ತುವುದು: ಕಾರವಾರದಿಂದ ಶಿರಸಿವರೆಗೆ

ನಮ್ಮ ಜೋನಿಯ ತೂಕ ಆರು ಕಿಲೋ. ಗಿಡ್ಡ ಕಾಲು, ಉದ್ದ ಬೆನ್ನು, ಯಾವ ಜಾತಿ ಅಂತ ಯಾರಾದರೂ ಕೇಳಿದರೆ ಉತ್ತರವಿಲ್ಲ. ಹೆಸರು ಇಂಗ್ಲಿಷಿನ ಜಾನಿ ಅಂದುಕೊಳ್ಳಬೇಡಿ. ಮೈಬಣ್ಣ ನಮ್ಮ ಕಡೆಯ ಜೋನಿಬೆಲ್ಲದ್ದು, ಅಂದರೆ ನೀರುಬೆಲ್ಲದ್ದು, ಅದಕ್ಕೆ ಅಮ್ಮ ಹಾಗೆ ಕರೆದಳು.

ಕೆಲವು ವರ್ಷದ ಹಿಂದೆ ಒಂದು ಮಾರ್ಚಿನಲ್ಲಿ, ಶಿರಸಿ ಹತ್ತಿರದ ದೊಡ್ಡಪ್ಪನ ಮನೆಯಿಂದ ಅಡಿಕೆ ತೋಟದ ಅಂಚು ಹಿಡಿದು ಸೊಪ್ಪಿನ ಬೆಟ್ಟ ಹತ್ತಿ ಇಳಿಯೋಣ ಅಂತ ಅದನ್ನು ಕರೆದುಕೊಂಡು ಹೊರಟೆ. ಹೆಚ್ಚೆಂದರೆ ಮೂರು ಕಿಲೋಮೀಟರ್. ದಾರಿಯುದ್ದ ನೆರಳು, ನೆತ್ತಿಗೆ ಬಿಸಿಲು ಬೀಳುವ ಜಾಗವೇ ಕಮ್ಮಿ. ನಾನು ಧೈರ್ಯವಾಗಿದ್ದೆ. ಹತ್ತೂವರೆ ಸುಮಾರಿಗೆ ವಾಪಸು ತೋಟಕ್ಕೆ ಇಳಿಯುವಾಗ ಜೋನಿಯ ಹಿಂಗಾಲು ಅಡ್ಡಾದಿಡ್ಡಿ ಬೀಳತೊಡಗಿತು. ಹತ್ತು ಹೆಜ್ಜೆ ಹಾಗೇ ಬಂತು, ಆಮೇಲೆ ಮರದ ಬುಡದಲ್ಲಿ ಹೊಟ್ಟೆ ಚೆಲ್ಲಿ ಮಲಗಿತು. ಕರೆದರೆ ಕಿವಿಯೂ ಆಡಲಿಲ್ಲ. ನಾಲಿಗೆ ಮಾತ್ರ ಚಮಚದ ಹಾಗೆ ಅಗಲವಾಗಿ ಹೊರಗೆ ಚಾಚಿತ್ತು.

ನಾನು ತಲೆಗೆ ನೀರು ತಟ್ಟುತ್ತ ಕೂತಿದ್ದೆ. ನನ್ನ ಕೂಗು ಕೇಳಿ ಬಂದ ದೊಡ್ಡಪ್ಪ, "ತಲೆಗೆಂತಕ್ಕೋ ತಮಾ, ಹೊಟ್ಟೆಗೆ ಹೊಯ್ಯಿ! ಸೆಕೆ ತಡಕಂಬಲೆ ಆಗ್ತಿಲ್ಲೆ ಅದಕ್ಕೆ" ಅಂತ ಬೈದು, ಅದನ್ನು ಎತ್ತಿ ಗುಡ್ಡದಿಂದ ಹರಿದು ಬೀಳುವ ಅಬ್ಬಿ ನೀರಿನ ಕೆಳಗೆ ಹಿಡಿದರು. ಬಿದ್ದಿದ್ದ ಅಡಿಕೆ ಹಾಳೆಯೊಂದನ್ನು ನನ್ನ ಕೈಗೆ ಕೊಟ್ಟು ಬೀಸು ಅಂದರು. ಕಾಲು ಗಂಟೆ ಬೀಸಿದೆ. ಜೋನಿ ಬದುಕಿತು. ಅಂದು ದೊಡ್ಡಪ್ಪ ಬಳಸಿದ ಪದ 'ಸೆಕೆ', 'ಬಿಸಿಲು' ಅಲ್ಲ. ಈ ಬರಹದ ತಿರುಳೂ ಆ ವ್ಯತ್ಯಾಸವೇ.

ನಾಯಿಯ ಮೈ ತಂಪಾಗುವುದು ಹೇಗೆ

ನಮಗೆ ಮೈತುಂಬ ಬೆವರು. ನಾಯಿಗೆ ಬೆವರುವುದು ಹೆಚ್ಚಾಗಿ ಪಾದದ ಮೆತ್ತೆಯಲ್ಲಿ ಮಾತ್ರ, ಅದರಿಂದ ಮೈ ತಂಪಾಗುವುದು ಅಷ್ಟಕ್ಕಷ್ಟೆ. ಅದರ ನಿಜವಾದ ಯಂತ್ರ ನಾಲಿಗೆ, ಬಾಯಿ, ಮೂಗಿನ ಒಳಭಾಗ. ತೇಕಿದಾಗ ಅಲ್ಲಿನ ಪಸೆ ಆರಿ ಹೋಗುತ್ತದೆ, ಹೋಗುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಪಸೆ ಆರಬೇಕಾದರೆ ಗಾಳಿ ಒಣಗಿರಬೇಕು, ಇಲ್ಲವೇ ಆಡುತ್ತಿರಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾರ್ಚಿನಿಂದ ಮೇ ತನಕ ಎರಡೂ ಸಿಗುವುದು ಕಷ್ಟ. ಗೋಡೆಗೆ ಒರಗಿದರೆ ಅಂಗಿ ಅಂಟುತ್ತದೆ, ಹಗ್ಗದ ಮೇಲಿನ ಪಂಚೆ ಸಂಜೆಯಾದರೂ ಒಣಗಿರುವುದಿಲ್ಲ. ಅಂಥ ಗಾಳಿಯಲ್ಲಿ ನಾಯಿ ನಿಮಿಷಕ್ಕೆ ಇನ್ನೂರು ಸಲ ತೇಕಿದರೂ ಆರುವುದು ಸ್ವಲ್ಪವೇ. ಮೇಲಾಗಿ ತೇಕುವುದೂ ಒಂದು ಕೆಲಸ, ಸ್ನಾಯು ದುಡಿದು ಅದರಿಂದಲೇ ಇನ್ನಷ್ಟು ಬಿಸಿ ಹುಟ್ಟುತ್ತದೆ.

ಹೀಗಾಗಿ ವಿಜಯಪುರದ 38 ಡಿಗ್ರಿ ಒಣ ಬಿಸಿಲಿನ ಲೆಕ್ಕವನ್ನು ಕುಮಟೆಯ 33 ಡಿಗ್ರಿ ಸೆಕೆಗೆ ಹಾಕಲು ಬರುವುದಿಲ್ಲ. 'ನೆರಳಿನಲ್ಲೇ ಇತ್ತಲ್ಲ' ಎಂಬ ಸಮಾಧಾನವೂ ನಡೆಯುವುದಿಲ್ಲ. ಕಣಿವೆಯ ತೋಟ, ದಟ್ಟ ಕಾಡು, ಗಾಳಿಯಾಡದ ಕೊರಕಲು ಇವೆಲ್ಲ ನೆರಳಿದ್ದೂ ಕುದಿಯುವ ಜಾಗಗಳು. ಕಡಲಂಚಿನ ಗಾಳಿಮರದ ತೋಪು ಅವಕ್ಕಿಂತ ಎಷ್ಟೋ ವಾಸಿ. ಅಲ್ಲಿ ನೆರಳು ತೆಳುವಾದರೂ ಗಾಳಿಗೆ ದಾರಿ ಇದೆ.

ಪುಟ್ಟ ನಾಯಿಗೆ ಇನ್ನೆರಡು ತಾಪತ್ರಯ. ಅದರ ಹೊಟ್ಟೆ ನೆಲದಿಂದ ಗೇಣು ಎತ್ತರದಲ್ಲಿರುತ್ತದೆ, ನೆಲದ ಕಾವು ನೇರ ಅಲ್ಲಿಗೇ. ನಾವು ಒಂದು ಹೆಜ್ಜೆ ಇಡುವಲ್ಲಿ ಅದು ಐದಾರು ಹೆಜ್ಜೆ ಇಡಬೇಕು. ನಮ್ಮ ಮೂರು ಕಿಲೋಮೀಟರ್ ಅದಕ್ಕೆ ಮೂರಲ್ಲ.

ಮೊದಲು ನಿಮ್ಮ ನಾಯಿಯನ್ನು ನೋಡಿ

ಪಗ್, ಶಿಹ್ ಟ್ಸು, ಪೆಕಿಂಗೀಸ್‌ನಂಥ ಚಪ್ಪಟೆ ಮೂತಿಯ ನಾಯಿಗಳನ್ನು ಬೇಸಿಗೆಯ ಚಾರಣಕ್ಕೆ ಒಯ್ಯಲೇಬೇಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಮೂಗಿನ ಹೊಳ್ಳೆ ಕಿರಿದು, ಗಂಟಲಿನೊಳಗೆ ಗಾಳಿಯ ದಾರಿ ಇಕ್ಕಟ್ಟು. ತಂಪಾಗುವ ಯಂತ್ರವೇ ಅರ್ಧ ಕೆಟ್ಟ ಹಾಗೆ. ಅವುಗಳಿಗೆ ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಹತ್ತು ನಿಮಿಷ ಸುತ್ತಾಡಿಸಿದರೆ ಸಾಕು.

ನಮ್ಮಲ್ಲಿ ಪೊಮೇರಿಯನ್ ಅಂತ ಕರೆಸಿಕೊಳ್ಳುವ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಅವಕ್ಕೆ ಎರಡು ಪದರದ ರೋಮ. ಸೆಕೆ ಅಂತ ಬೋಳಿಸಿಬಿಡುವವರಿದ್ದಾರೆ, ಬೇಡ. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ, ರೋಮ ಮತ್ತೆ ಸರಿಯಾಗಿ ಹುಟ್ಟದೆಯೂ ಇರಬಹುದು. ಒಳಗಿನ ಮೆತ್ತನೆ ರೋಮವನ್ನು ದಿನಾ ಬಾಚಿ ತೆಗೆಯಿರಿ, ಅಷ್ಟೇ. ಡ್ಯಾಷ್‌ಹಂಡ್ ಅಥವಾ ಜೋನಿಯಂಥ ಉದ್ದ ಬೆನ್ನಿನವು ಬಂಡೆಯಿಂದ ಬಂಡೆಗೆ ಹಾರಬಾರದು, ಬೆನ್ನುಮೂಳೆಯ ನಡುವಿನ ಗಾದಿ ಜಾರುವ ಅಪಾಯವಿದೆ. ಇಳಿಜಾರಿನ ಮೆಟ್ಟಿಲುಗಳಲ್ಲಿ ಎತ್ತಿಕೊಳ್ಳಿ.

ವರ್ಷ ತುಂಬದ ಮರಿ, ಮುದಿ ನಾಯಿ, ಮೈಬಂದ ನಾಯಿ, ಹೃದಯದ ತೊಂದರೆ ಇರುವುದು, ಒಮ್ಮೆ ಸೆಕೆ ಹೊಡೆದು ಎದ್ದದ್ದು, ಇವೆಲ್ಲ ಮನೆಯಲ್ಲೇ ಇರಲಿ. ಆ ಕೊನೆಯ ಪಟ್ಟಿಗೆ ಈಗ ಜೋನಿಯೂ ಸೇರಿದೆ. ಏಪ್ರಿಲ್, ಮೇ ತಿಂಗಳಲ್ಲಿ ಅದಕ್ಕೆ ನಮ್ಮೂರ ಕಡಲಂಚು ಬಿಟ್ಟರೆ ಬೇರೆ ಲೋಕವಿಲ್ಲ.

ಹೊರಡುವ ಮೊದಲು ರೇಬಿಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೊ ಸೇರಿದ ಲಸಿಕೆ, ಇಲಿಜ್ವರ ಅಂದರೆ ಲೆಪ್ಟೊಸ್ಪೈರೋಸಿಸ್‌ನ ಲಸಿಕೆ ಆಗಿರಬೇಕು. ಗದ್ದೆ, ತೋಟ, ನಿಂತ ನೀರಿನ ನಮ್ಮ ಸೀಮೆಯಲ್ಲಿ ಕೊನೆಯದನ್ನು ಬಿಡುವಂತಿಲ್ಲ.

ಸೆಕೆ ಅಳೆಯುವ ಬಗೆ

ಮೊಬೈಲಿನಲ್ಲಿ ತಾಪಮಾನವೊಂದನ್ನೇ ನೋಡಿ ಹೊರಡಬೇಡಿ, ಪಕ್ಕದಲ್ಲಿರುವ ತೇವಾಂಶವನ್ನೂ ನೋಡಿ. ನಾಯಿ ಓಡಿಸುವವರಲ್ಲಿ ಒಂದು ಒರಟು ಲೆಕ್ಕ ಚಾಲ್ತಿಯಲ್ಲಿದೆ. ಫ್ಯಾರನ್‌ಹೀಟ್ ತಾಪಮಾನಕ್ಕೆ ತೇವಾಂಶದ ಶೇಕಡಾವನ್ನು ಕೂಡಿಸುವುದು, ಮೊತ್ತ 150 ದಾಟಿದರೆ ಜಾಗ್ರತೆ. ಆದರೆ ಈ ಲೆಕ್ಕ ಹಿಡಿದರೆ ಕಾರವಾರದ ನಾಯಿ ವರ್ಷದ ಬಹುಪಾಲು ದಿನ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಬೆಳಗಿನ ಜಾವ 77 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಆಗಲೇ 167. ಹಾಗಾಗಿ ನಾನು ನಮ್ಮ ಸೀಮೆಗೆ ಒಪ್ಪುವ ಬೇರೆ ಲೆಕ್ಕ ಇಟ್ಟುಕೊಂಡಿದ್ದೇನೆ. 25 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಒಂದೂವರೆ ಗಂಟೆ, 28ರ ತನಕ ಮುಕ್ಕಾಲು ಗಂಟೆ, 30 ದಾಟಿದರೆ ಎಲ್ಲಿದ್ದೇವೋ ಅಲ್ಲಿಂದಲೇ ವಾಪಸು.

ಇದಕ್ಕಿಂತ ನಂಬಿಕೆಯದು ನಿಮ್ಮದೇ ಕುತ್ತಿಗೆ. ದಾರಿಯಲ್ಲಿ ನೆರಳು ನೋಡಿ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಕುತ್ತಿಗೆಯ ಬೆವರು ಆರಿತೇ? ಆರಿದರೆ ನಾಯಿಯ ನಾಲಿಗೆಯೂ ಕೆಲಸ ಮಾಡುತ್ತಿದೆ. ಕೂತ ಮೇಲೂ ಬೆವರು ಇಳಿಯುತ್ತಲೇ ಇದ್ದರೆ ಆ ಜಾಗ ನಾಯಿಗೆ ಅಲ್ಲ, ಎಷ್ಟೇ ನೆರಳಿರಲಿ.

ನೆಲದ ಕಾವಿಗೆ ಬೇರೆ ಪರೀಕ್ಷೆ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಎಣಿಸಲಾಗದೆ ಕೈ ತೆಗೆದರೆ ಅಲ್ಲಿ ನಾಯಿಯ ಪಾದ ಸುಡುತ್ತದೆ. ಕರಾವಳಿಯ ಚಿರೇಕಲ್ಲು ಹಾಸು ಬೆಳಿಗ್ಗೆ ಒಂಬತ್ತೂವರೆಗೇ ಈ ಪರೀಕ್ಷೆಯಲ್ಲಿ ಫೇಲಾಗುವುದನ್ನು ನಾನು ಕಂಡಿದ್ದೇನೆ.

ಹದಿನೈದು ದಿನದ ಅಭ್ಯಾಸ

ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದ ನಾಯಿಯನ್ನು ರಾತ್ರಿ ಬಸ್ಸಿನಷ್ಟು ಹೊತ್ತಿನಲ್ಲಿ ಗೋಕರ್ಣಕ್ಕೆ ತಂದು ಬೆಳಿಗ್ಗೆ ಗುಡ್ಡ ಹತ್ತಿಸುವವರನ್ನು ನೋಡಿದ್ದೇನೆ. ಮೈ ಸೆಕೆಗೆ ಒಗ್ಗಲು ಕಡಿಮೆಯೆಂದರೂ ಹತ್ತು ಹದಿನೈದು ದಿನ ಬೇಕು. ಊರಿನವರಾದರೆ ಮೊದಲ ವಾರ ಬೆಳಿಗ್ಗೆ ಕಾಲು ಗಂಟೆ, ಎರಡನೇ ವಾರ ಅರ್ಧ ಗಂಟೆ, ಕೊನೆಯಲ್ಲಿ ಸಣ್ಣ ಏರು. ಎರಡು ದಿನಕ್ಕೆ ಬಂದವರು ಚಾರಣ ಬಿಟ್ಟು, ಅಲೆ ಮುಟ್ಟುವ ಒದ್ದೆ ಮರಳಿನ ಮೇಲೆ ಸೂರ್ಯ ಹುಟ್ಟುವ ಹೊತ್ತಿಗೆ ನಡೆದಾಡಲಿ.

ಇದೇ ದಿನಗಳಲ್ಲಿ ಎರಡು ವಿದ್ಯೆ ಕಲಿಸಿ. ಒಂದು, ಹೇಳಿದಾಗ ನೀರು ಕುಡಿಯುವುದು. ಎರಡು, ಜೋಳಿಗೆಯಲ್ಲಿ ಗಲಾಟೆ ಮಾಡದೆ ಕೂರುವುದು. ಪುಟ್ಟ ನಾಯಿಯ ದೊಡ್ಡ ಅನುಕೂಲವೇ ಅದು, ಕೈಲಾಗದಾಗ ಎತ್ತಿಕೊಂಡು ಬರಬಹುದು. ಇಪ್ಪತ್ತೈದು ಕಿಲೋ ಲ್ಯಾಬ್ರಡಾರ್ ಬಿದ್ದರೆ ಆಳು ಕರೆಯಬೇಕು.

ಎಲ್ಲಿಗೆ ಹೋಗಬಹುದು, ಎಲ್ಲಿಗೆ ಬೇಡ

ಮೊದಲು ಬೇಡದ ಕಡೆಗಳು. ದಾಂಡೇಲಿ ಮತ್ತು ಅಣಶಿ ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅತ್ತಿವೇರಿ ಪಕ್ಷಿಧಾಮ, ಅಘನಾಶಿನಿ ಕಣಿವೆಯ ಸಿಂಗಳೀಕಗಳ ಸಂರಕ್ಷಿತ ಕಾಡು, ಇಂಥಲ್ಲಿಗೆ ನಾಯಿ ಒಯ್ಯುವ ಯೋಚನೆಯೇ ಬೇಡ. ಡಿಸ್ಟೆಂಪರ್‌ನಂಥ ರೋಗ ಸಾಕುನಾಯಿಯಿಂದ ಕಾಡುಮೃಗಕ್ಕೆ ದಾಟುತ್ತದೆ. ಚಿರತೆಗಂತೂ ಆರು ಕಿಲೋ ನಾಯಿ ಒಂದು ತುತ್ತು. ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನದಂಡದಲ್ಲಿ ನಾಯಿಗಳ ನಿಯಂತ್ರಣವೂ ಸೇರಿರುವುದರಿಂದ ಅಲ್ಲಿಯೂ ಬೇಡ.

ಯಾಣಕ್ಕೆ ಒಯ್ಯಬಹುದಾ ಅಂತ ತುಂಬ ಜನ ಕೇಳುತ್ತಾರೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ದೇವಸ್ಥಾನವಿದೆ, ಬಂಡೆಯ ಒಳಗಿಂದ ಪ್ರದಕ್ಷಿಣೆ ಬರುವ ಜಾಗ. ಅಲ್ಲಿಗೆ ನಾಯಿ ತರುವುದು ಸರಿಯಲ್ಲ. ಕಾರಿನಲ್ಲಿ ಬಿಟ್ಟು ಹೋಗುವುದಂತೂ ಕೊಲೆಗೆ ಸಮ. ನಿಲ್ಲಿಸಿದ ಕಾರಿನ ಒಳಗಿನ ತಾಪ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಎರಡು ಬೆರಳು ತೆಗೆದಿಟ್ಟರೂ ಅಷ್ಟೇ. ಗೋಕರ್ಣದ ಮಹಾಬಲೇಶ್ವರನ ದರ್ಶನಕ್ಕೂ ಇದೇ ಮಾತು. ಒಬ್ಬರು ನಾಯಿ ಹಿಡಿದು ಹೊರಗೆ ನಿಲ್ಲಿ, ಇಲ್ಲವೇ ನಾಯಿಯನ್ನು ಮನೆಯಲ್ಲೇ ಬಿಡಿ.

ಒಳ್ಳೆಯ ದಾರಿಗೆ ನನ್ನ ಅಳತೆ ಮೂರು: ಗಾಳಿ ಆಡಬೇಕು, ಅರ್ಧದಲ್ಲಿ ಬಿಟ್ಟು ಬರಲು ಸಾಧ್ಯವಿರಬೇಕು, ವಾಹನ ಇಪ್ಪತ್ತು ನಿಮಿಷದೊಳಗೆ ಸಿಗುವಂತಿರಬೇಕು. ಗೋಕರ್ಣದ ಕುಡ್ಲೆಯಿಂದ ಓಂ ಬೀಚಿನ ತನಕದ ಗುಡ್ಡದ ದಾರಿ ಬೆಳಗಿನ ಹೊತ್ತು ಈ ಮೂರಕ್ಕೂ ಒಪ್ಪುತ್ತದೆ. ಓಂ ಬೀಚಿನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್ ಅಂತ ಮುಂದುವರಿಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ನೋಟ ಹಾಗಿದೆ, ತಪ್ಪಿಲ್ಲ. ಆದರೆ ಹಾಫ್ ಮೂನ್‌ಗೆ ವಾಹನ ಬರುವುದಿಲ್ಲ, ದಾರಿಯ ಚಿರೇಕಲ್ಲು ಸುಡುತ್ತದೆ, ಸಿಹಿನೀರನ್ನು ನಂಬುವಂತಿಲ್ಲ. ಅದನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.

ಕಾರವಾರದವರಿಗೆ ಟ್ಯಾಗೋರ್ ಕಡಲತೀರವೇ ಅಭ್ಯಾಸದ ಮೈದಾನ. ಸದಾಶಿವಗಡದ ಗುಡ್ಡ ಚಿಕ್ಕದು, ಕಾಳಿ ನದಿ ಕಡಲು ಸೇರುವಲ್ಲಿಂದ ಗಾಳಿ ಬರುತ್ತದೆ. ಮಾಜಾಳಿಯಿಂದ ಗುಡ್ಡ ದಾಟಿ ಹೋಗುವ ತಿಳಮಾತಿ ಮಾತ್ರ ಬೇರೆ ಕಥೆ. ಕೊಂಕಣಿಯಲ್ಲಿ ಎಳ್ಳಿನ ಮಣ್ಣು ಎಂದರ್ಥ. ಮರಳು ಎಳ್ಳಿನ ಹಾಗೆ ಕಪ್ಪು. ಕಪ್ಪು ಮರಳು ಬಿಳಿ ಮರಳಿಗಿಂತ ಬೇಗ ಕಾಯುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಎಂಟು ಗಂಟೆಯೊಳಗೆ ಅಲ್ಲಿಂದ ಹೊರಟಿರಬೇಕು.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಬೆಳಗಿನ ಜಾವ ಕರಾವಳಿಗಿಂತ ಹಿತ. ಸೋಂದಾ ಕಡೆಯ ಊರದಾರಿ, ಗದ್ದೆ ಬಯಲು, ಕೆರೆ ಏರಿ ಚೆನ್ನ. ಉಂಚಳ್ಳಿ ಜಲಪಾತದಂಥ ಆಳ ಕಣಿವೆಯ ಬುಡಕ್ಕೆ ಇಳಿಯಬೇಡಿ. ಇಳಿಯುವಾಗ ಹುರುಪು, ಹತ್ತುವಾಗ ಸೆಕೆ. ಬೀಳುವುದು ಹತ್ತುವಾಗಲೇ.

ಚೀಲದಲ್ಲಿ ಏನಿರಬೇಕು

ನೀರಿನಿಂದ ಶುರು ಮಾಡೋಣ. ಸುಮ್ಮನಿರುವ ನಾಯಿಗೇ ದಿನಕ್ಕೆ ಕಿಲೋ ತೂಕಕ್ಕೆ 50–60 ಮಿಲಿ ನೀರು ಬೇಕು. ಆರು ಕಿಲೋ ನಾಯಿಗೆ 350 ಮಿಲಿ ಆಯಿತು. ನಡೆಯುವಾಗ ಕುಡಿಯಲು ಮೇಲೆ ಅರ್ಧ ಲೀಟರ್ ಇಡಿ. ಮೈಗೆ ಸುರಿಯಲು ಪ್ರತ್ಯೇಕ ಒಂದು ಲೀಟರ್, ಇದನ್ನು ಕುಡಿದು ಖಾಲಿ ಮಾಡಬೇಡಿ. ನನ್ನ ಚೀಲದಲ್ಲಿ ಈ ಬಾಟಲಿಗೆ ಕೆಂಪು ದಾರ ಕಟ್ಟಿರುತ್ತದೆ.

ಬಟ್ಟಲಿಗೆ ದುಡ್ಡು ಹಾಕಬೇಡಿ. ಅಡಿಕೆ ಹಾಳೆಯ ಒಂದು ತಟ್ಟೆ ಸಾಕು, ಹಗುರ, ಮಡಚಿದರೆ ಬೀಸಣಿಗೆಯೂ ಹೌದು. ಕುತ್ತಿಗೆ ಪಟ್ಟಿಯ ಬದಲು ಎದೆಗೆ ಬರುವ ಹಾರ್ನೆಸ್ ಹಾಕಿ. ಕುತ್ತಿಗೆ ಎಳೆದರೆ ತೇಕುವ ದಾರಿಯನ್ನೇ ಬಿಗಿದಂತಾಗುತ್ತದೆ. ಹಗ್ಗ ಎರಡು ಮೀಟರ್ ಮೀರದಿರಲಿ. ಬಾಯಿ ಬಿಗಿಯುವ ಬಟ್ಟೆಯ ಮೂತಿಪಟ್ಟಿ ಸೆಕೆಯಲ್ಲಿ ಖಂಡಿತ ಕೂಡದು, ತೇಕಲಾಗದೆ ಸಾಯುತ್ತದೆ.

ಉದ್ದದ ಹತ್ತಿ ಪಂಚೆ ಒಂದಿರಲಿ. ಹೆಗಲಿಗೆ ಅಡ್ಡ ಕಟ್ಟಿದರೆ ಜೋಳಿಗೆ. ಜತೆಗೆ ಸಾದಾ ಡಿಜಿಟಲ್ ಥರ್ಮಾಮೀಟರ್, ಸ್ವಲ್ಪ ತೆಂಗಿನೆಣ್ಣೆ, ಉಣುಗು ಕೀಳಲು ಚಿಮುಟ, ಹತ್ತಿ ಬಟ್ಟೆ. ಪಾದಕ್ಕೆ ಬೂಟು ಹಾಕುವ ಬಗ್ಗೆ ನನಗೆ ಒಲವಿಲ್ಲ. ಮರಳು ಒಳಹೊಕ್ಕು ಉಜ್ಜುತ್ತದೆ, ಇರುವ ಅಷ್ಟಿಷ್ಟು ಬೆವರಿನ ದಾರಿಯೂ ಮುಚ್ಚುತ್ತದೆ. ಬೂಟು ಬೇಕಾಗುವಷ್ಟು ನೆಲ ಕಾದಿದ್ದರೆ ಹೊರಟ ಹೊತ್ತೇ ತಪ್ಪು.

ಪಶುವೈದ್ಯರ ಫೋನ್ ನಂಬರ್ ಒಂದಲ್ಲ, ಮೂರು ಇಟ್ಟುಕೊಳ್ಳಿ. ತಾಲೂಕಿನ ಸರ್ಕಾರಿ ಪಶು ಆಸ್ಪತ್ರೆಯದು ಒಂದು, ಖಾಸಗಿಯವರದು ಎರಡು. ಚಾರಣಕ್ಕೆ ನಾವು ಹೋಗುವುದು ಭಾನುವಾರ, ಬಾಗಿಲು ಮುಚ್ಚಿರುವುದೂ ಭಾನುವಾರವೇ. ಹಿಂದಿನ ದಿನ ಒಂದು ಫೋನ್ ಮಾಡಿ ಕೇಳಿ.

ನಡೆಯುವ ದಿನ

ಹೊರಡುವ ಎರಡು ಗಂಟೆ ಮೊದಲೇ ತಿಂಡಿ ಮುಗಿದಿರಬೇಕು, ಅದೂ ಅರ್ಧ ಹೊಟ್ಟೆ. ಮಾರ್ಚ್ ನಡುವಿನಲ್ಲಿ ಕಾರವಾರದಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲಿಗೆ, ಮೇ ನಡುವೆ ಆರು ಗಂಟೆಯ ಸುಮಾರಿಗೆ. ಬೆಳಕು ಹರಿದ ಕೂಡಲೇ ಹೊರಟು ಒಂಬತ್ತಕ್ಕೆ ಮುಗಿಸಿ. ಸಂಜೆ ಹೋದರಾಗದೇ ಅಂತ ಕೇಳುವವರಿಗೆ: ಚಿರೇಕಲ್ಲು, ಮರಳು ಹಗಲಿಡೀ ಕುಡಿದ ಕಾವನ್ನು ಕತ್ತಲಾಗುವ ತನಕ ಉಗುಳುತ್ತಿರುತ್ತವೆ. ಘಟ್ಟದ ಮೇಲಾದರೆ ಮುಸ್ಸಂಜೆ ಚಿರತೆ ಓಡಾಡುವ ಹೊತ್ತು.

ಹೊರಡುವಾಗ ಹೊಟ್ಟೆ, ಎದೆ, ತೊಡೆಸಂದಿಯನ್ನು ಒದ್ದೆ ಮಾಡಿ. ಪ್ರತಿ ಹದಿನೈದು ನಿಮಿಷಕ್ಕೆ ನಿಲ್ಲಿ. ನಾಯಿ ಕೇಳಲಿ ಅಂತ ಕಾಯಬೇಡಿ. ಯಜಮಾನ ನಡೆದಷ್ಟೂ ಅದು ನಡೆಯುತ್ತದೆ, ಸಾಯುವ ತನಕ ನಡೆಯುತ್ತದೆ. ನಾಲ್ಕೈದು ಗುಟುಕು ನೀರು ಕೊಡಿ, ಒಮ್ಮೆಗೇ ಬಟ್ಟಲು ತುಂಬ ಬೇಡ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಒಸಡು ಅಂಟಂಟಾಗಿದ್ದರೆ ನೀರು ಸಾಲದು. ಹತ್ತು ನಿಮಿಷ ಕೂತ ಮೇಲೂ ತೇಕು ತಗ್ಗದಿದ್ದರೆ ಚಾರಣ ಅಲ್ಲಿಗೆ ಮುಗಿಯಿತು. ಜೋಳಿಗೆ ಕಟ್ಟಿ, ಹಿಂದಿರುಗಿ. ಜೋಳಿಗೆಯಲ್ಲಿ ನಿಮ್ಮ ಮೈಕಾವು ಅದಕ್ಕೆ ತಾಗುತ್ತದೆ, ಹಾಗಾಗಿ ಪಂಚೆಯನ್ನು ಒದ್ದೆ ಮಾಡಿ, ತಲೆ ಎದೆ ಹೊರಗಿರುವ ಹಾಗೆ ಕೂರಿಸಿ.

ಕಡಲಿನ ನೀರು ಮೈಗೆ ಒಳ್ಳೆಯದು, ಬಾಯಿಗೆ ಕೆಟ್ಟದ್ದು. ಬಾಯಾರಿದ ನಾಯಿ ಅಲೆ ನೆಕ್ಕತೊಡಗಿದರೆ ವಾಂತಿ, ಭೇದಿ, ಅತಿಯಾದರೆ ಉಪ್ಪು ಏರಿ ಫಿಟ್ಸ್. ಎಳನೀರು ಎರಡು ಚಮಚ ಕೊಟ್ಟರೆ ತೊಂದರೆ ಇಲ್ಲ, ಮೂತ್ರಪಿಂಡ ಕೆಟ್ಟ ನಾಯಿಗೆ ಅದೂ ಬೇಡ. ನಿಮ್ಮ ಬುತ್ತಿಯ ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ ಹಾಕಿದ ಯಾವುದನ್ನೂ ಹಂಚಿಕೊಳ್ಳಬೇಡಿ.

ಈ ಹೊತ್ತಿನಲ್ಲಿ ಗೇರುಹಣ್ಣಿನ ಕಾಲವೂ ಹೌದು. ಗುಡ್ಡದ ದಾರಿಯಲ್ಲಿ ಬಿದ್ದ ಹಣ್ಣಿನ ವಾಸನೆಗೆ ನಾಯಿ ಓಡುತ್ತದೆ. ಹಣ್ಣಿಗಿಂತ ಬೀಜದ್ದೇ ಅಪಾಯ, ಸಿಪ್ಪೆಯ ಎಣ್ಣೆ ಬಾಯಿ, ನಾಲಿಗೆ ಸುಟ್ಟು ಬೊಕ್ಕೆ ಬರಿಸುತ್ತದೆ. ಹಸಿಗೇರು ಸುಲಿದವರ ಕೈ ನೋಡಿದ್ದರೆ ಗೊತ್ತಿರುತ್ತದೆ. ಮಾವಿನ ಗೊರಟೆ ಪುಟ್ಟ ನಾಯಿಯ ಕರುಳಿಗೆ ಅಡ್ಡ ಬೀಳುತ್ತದೆ. ಬೀಚಿನಲ್ಲಾದರೆ ಸತ್ತ ಮೀನು, ಗಾಳದ ಮುಳ್ಳು, ಲೋಳೆಮೀನು. ದಡಕ್ಕೆ ಬಿದ್ದ ಉಬ್ಬಿದ ಹೊಟ್ಟೆಯ ಪಫರ್ ಮೀನು ಕಚ್ಚಿದರೆ ವಿಷ. ರಂಪಣಿ ಬಲೆ ಎಳೆಯುವಲ್ಲಿ, ಮೀನು ಒಣಗಿಸುವಲ್ಲಿ ನಾಯಿಯನ್ನು ಎತ್ತಿಕೊಂಡು ದಾಟಿ. ಅದು ಬೇರೆಯವರ ಅನ್ನದ ಜಾಗ. ಕಡಲಾಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಮರಳು ಕೆದಕಲು ಬಿಡಲೇಬೇಡಿ.

ಬೀದಿನಾಯಿಗಳ ಹಿಂಡು ಎದುರಾದರೆ ಓಡಬೇಡಿ, ಕಿರುಚಬೇಡಿ. ಅವು ಹತ್ತಿರ ಬರುವ ಮೊದಲೇ ನಾಯಿಯನ್ನು ಜೋಳಿಗೆಗೆ ಸೇರಿಸಿ, ಪಕ್ಕಕ್ಕೆ ತಿರುಗಿ ನಿಧಾನ ನಡೆದುಬಿಡಿ. ಹಾವು ಕಚ್ಚಿತೆಂದು ಅನುಮಾನವಾದರೆ ಕಟ್ಟು ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ. ನಡೆಸದೆ ಎತ್ತಿಕೊಂಡು ನೇರ ವೈದ್ಯರಲ್ಲಿಗೆ.

ಸೆಕೆ ಹೊಡೆದರೆ

ಈ ಭಾಗವನ್ನು ಎರಡು ಸಲ ಓದಿ. ನಾಯಿಯ ಸಹಜ ಮೈತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮ ಜ್ವರದ ಅಂಕಿ ಅದಕ್ಕೆ ಆರೋಗ್ಯ. 40 ದಾಟಿದರೆ ಎಚ್ಚರ, 41 ದಾಟಿದರೆ ಒಳಗಿನ ಅಂಗಾಂಗ ಬೇಯತೊಡಗುತ್ತದೆ.

ಗುರುತುಗಳು ಹೀಗೆ ಬರುತ್ತವೆ. ಮೊದಲು ನೆರಳು ಕಂಡಲ್ಲೆಲ್ಲ ನಿಲ್ಲುತ್ತದೆ, ಹಗ್ಗ ಹಿಂದಕ್ಕೆ ಎಳೆಯುತ್ತದೆ. ಇದನ್ನು ಹಟ ಅಂದುಕೊಂಡು ಎಳೆದುಕೊಂಡು ಹೋಗುವವರೇ ಹೆಚ್ಚು, ನಾನೂ ಎಳೆದವನೇ. ಆಮೇಲೆ ನಾಲಿಗೆಯ ತುದಿ ಅಗಲವಾಗಿ ಅಂಚು ಮೇಲಕ್ಕೆ ಸುರುಳುತ್ತದೆ, ಜೊಲ್ಲು ದಪ್ಪವಾಗಿ ದಾರದಂತೆ ಇಳಿಯುತ್ತದೆ, ಒಸಡು ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಆಮೇಲೆ ತೂರಾಟ, ವಾಂತಿ, ಕೆಲವೊಮ್ಮೆ ರಕ್ತಭೇದಿ. ಒಸಡು ಬಿಳಿಚಿದರೆ, ಕರೆದರೆ ಓಗೊಡದಿದ್ದರೆ ಉಳಿದಿರುವ ಹೊತ್ತು ಬಹಳ ಕಮ್ಮಿ.

ಆಗ ಮೊದಲ ಕೆಲಸ ತಂಪು ಮಾಡುವುದು, ಸಾಗಿಸುವುದು ಎರಡನೆಯದು. ಕಾರು ಹುಡುಕುತ್ತ ಓಡಿದರೆ ಆ ಹೊತ್ತಿನಲ್ಲೇ ಕೈತಪ್ಪುತ್ತದೆ. ಹಾರ್ನೆಸ್ ಬಿಚ್ಚಿ. ಗಾಳಿ ಬರುವ ಕಡೆ ಮಲಗಿಸಿ. ಹೊಟ್ಟೆ, ತೊಡೆಸಂದಿ, ಕಂಕುಳು, ಎದೆ, ಪಾದಕ್ಕೆ ನೀರು ಸುರಿಯಿರಿ, ರೋಮ ಬಿಡಿಸಿ ಚರ್ಮ ನೆನೆಯುವ ಹಾಗೆ. ಸುರಿದು ಸುಮ್ಮನಾದರೆ ನಮ್ಮ ಸೆಕೆಯಲ್ಲಿ ಉಪಯೋಗ ಸ್ವಲ್ಪವೇ. ನೀರು ತಾನಾಗಿ ಆರುವುದಿಲ್ಲ, ಆರಿಸಬೇಕು. ಒಬ್ಬರು ಸುರಿಯುತ್ತಿರಲಿ, ಇನ್ನೊಬ್ಬರು ಹಾಳೆಯಿಂದ, ಅಂಗಿಯಿಂದ, ಸಿಕ್ಕಿದ್ದರಿಂದ ಬಿಡದೆ ಬೀಸಲಿ. ಹರಿಯುವ ಹಳ್ಳವೋ ಕಡಲೋ ಹತ್ತಿರವಿದ್ದರೆ ಕುತ್ತಿಗೆಯ ತನಕ ಇಳಿಸಿ, ಮೂಗು ಮೇಲಿರಲಿ. ಬಾವಿಯ ನೀರು ತೀರಾ ತಂಪಾಯಿತೇನೋ ಅಂತ ಹಿಂದೆಗೆಯಬೇಡಿ, ಸಿಕ್ಕ ನೀರು ಬಳಸಿ.

ಒದ್ದೆ ಟವೆಲಿನಲ್ಲಿ ಸುತ್ತಿಡುವುದು ದೊಡ್ಡ ತಪ್ಪು. ಐದು ನಿಮಿಷದಲ್ಲಿ ಆ ಟವೆಲು ನಾಯಿಯ ಕಾವನ್ನೇ ಹಿಡಿದಿಟ್ಟು ಹಬೆಯ ಇಡ್ಲಿಬಟ್ಟೆಯಾಗುತ್ತದೆ. ಪ್ರಜ್ಞೆ ಇದ್ದರೆ ನೀರಿನ ಬಟ್ಟಲು ಮುಂದಿಡಿ, ಬಲವಂತ ಬೇಡ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಒಂದು ಹನಿಯನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಇವು ನಾಯಿಗೆ ವಿಷ. ಇದು ಜ್ವರವಲ್ಲ, ಮಾತ್ರೆಗೆ ಇಳಿಯುವುದೂ ಇಲ್ಲ.

ಥರ್ಮಾಮೀಟರಿಗೆ ಎಣ್ಣೆ ಸವರಿ ಗುದದಲ್ಲಿ ತಾಪ ನೋಡುತ್ತಿರಿ. 39.4ಕ್ಕೆ ಇಳಿದರೆ ನೀರು ನಿಲ್ಲಿಸಿ, ಇಲ್ಲದಿದ್ದರೆ ತೀರಾ ಕೆಳಗೆ ಜಾರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ತೇಕು ತಗ್ಗಿ, ತಲೆ ಎತ್ತಿ ನೋಡುವ ತನಕ ಮುಂದುವರಿಸಿ. ಆಮೇಲೆ ಕಿಟಕಿ ತೆರೆದ ಇಲ್ಲವೇ ಎಸಿ ಇರುವ ವಾಹನದಲ್ಲಿ ವೈದ್ಯರಲ್ಲಿಗೆ.

'ಎದ್ದು ಬಾಲ ಅಲ್ಲಾಡಿಸಿತು, ಇನ್ಯಾಕೆ ಡಾಕ್ಟರು' ಅನ್ನಬೇಡಿ. ಮೂತ್ರಪಿಂಡ, ಕರುಳು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಹೊರಗೆ ಬರುತ್ತದೆ. ಜೋನಿ ಅವತ್ತು ಸಂಜೆ ಮಜ್ಜಿಗೆ ಅನ್ನ ತಿಂದಿತ್ತು. ಮಾರನೇ ದಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಮೂರು ದಿನ ಡ್ರಿಪ್ ಹಾಕಿಸಬೇಕಾಯಿತು.

ಮನೆಗೆ ಬಂದ ಮೇಲೆ

ಸಿಹಿನೀರಿನಲ್ಲಿ ಉಪ್ಪು, ಮರಳು ತೊಳೆದು ಒರೆಸಿ. ಪಾದದ ಮೆತ್ತೆ ಬಿರಿದಿದೆಯಾ, ಬೊಬ್ಬೆ ಎದ್ದಿದೆಯಾ ನೋಡಿ. ಆಮೇಲೆ ಉಣುಗಿನ ತಪಾಸಣೆ. ಕಿವಿಯ ಒಳಗೆ, ಬೆರಳ ಸಂದಿ, ಕಂಕುಳು, ಬಾಲದ ಬುಡ. ಚಿಮುಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಉಗುರಿನಿಂದ ಹಿಚುಕುವುದು, ಸೀಮೆಎಣ್ಣೆ, ಬೀಡಿ ಕಿಡಿ ಇವೆಲ್ಲ ಬೇಡ.

ನಮ್ಮ ಸೀಮೆಯಲ್ಲಿ ಇದು ನಾಯಿಯೊಂದರ ಪ್ರಶ್ನೆಯಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದ ಊರುಗಳನ್ನೂ ಬಿಟ್ಟಿಲ್ಲ. ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಕಾಡಿನ ಉಣುಗು ನಾಯಿಯ ರೋಮದಲ್ಲಿ ಕೂತು ನಿಮ್ಮ ಹಾಸಿಗೆಯ ತನಕ ಬರಬಹುದು. ಆದ್ದರಿಂದ ತಪಾಸಣೆ ಅಂಗಳದಲ್ಲೇ ಮುಗಿಯಬೇಕು, ನಿಮ್ಮದೂ ಸೇರಿ. ಮಂಗ ಸತ್ತುಬಿದ್ದ ಜಾಗ ಕಂಡರೆ ನಾಯಿಯನ್ನು ದೂರ ಎಳೆದುಕೊಂಡು ಬಂದು ಆರೋಗ್ಯ ಇಲಾಖೆಗೆ ತಿಳಿಸಿ. ಉಣುಗು ಹತ್ತದಂತೆ ಬಳಿದುಕೊಳ್ಳಲು ಇಲಾಖೆಯವರು ಕೊಡುವ ಡೇಪಾ ಎಣ್ಣೆ ಮನುಷ್ಯರಿಗೆ, ಅದನ್ನು ನಾಯಿಗೆ ಬಳಿಯಬೇಡಿ. ನಾಯಿಗೆ ತಿಂಗಳಿಗೋ ಮೂರು ತಿಂಗಳಿಗೋ ಕೊಡುವ ಉಣುಗಿನ ಮಾತ್ರೆ ವೈದ್ಯರಲ್ಲಿ ಸಿಗುತ್ತದೆ. ಚಾರಣದ ನಂತರದ ಒಂದೆರಡು ವಾರದಲ್ಲಿ ನಾಯಿ ಊಟ ಬಿಟ್ಟು ಮಂಕಾದರೆ ಉಣುಗು ಜ್ವರದ ರಕ್ತಪರೀಕ್ಷೆ ಮಾಡಿಸಿ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಸೆಕೆಯ ಕಾಟ ತಪ್ಪಿ ಉಂಬಳದ ಕಾಟ ಶುರು. ಜೋನಿ ಮೂಗಿನೊಳಗೆ ಒಂದನ್ನು ಹತ್ತಿಸಿಕೊಂಡು ಬಂದು ಎರಡು ದಿನ ಸೀನುತ್ತ ಮನೆಯವರನ್ನೆಲ್ಲ ಎಬ್ಬಿಸಿದ ಕಥೆ ಇದೆ, ಅದನ್ನು ಮಳೆಗಾಲಕ್ಕೇ ಹೇಳುತ್ತೇನೆ.